ಜಾರಿದ ಗುಡ್ಡಕ್ಕೆ ಒಂದೇ ಜಾತಿ ಗಿಡ ಸಾಲದು



ಮುಂಗಾರು ಹತ್ತಿರ ಬಂತು ಅಂದ್ರೆ ನನ್ನ ವಾಟ್ಸ್ಯಾಪ್‌ಗೆ ಒಂದೇ ಬಗೆಯ ಫೋಟೊಗಳು ಬರೋಕೆ ಶುರುವಾಗತ್ತೆ. ಹಸಿರು ತೋಟದ ನಡುವೆ ಕೆಂಪಗೆ ಸೀಳಿಕೊಂಡ ಜಾಗ, ಅದರ ಕೆಳಗೆ ಒಂದು ಪ್ರಶ್ನೆ: “ಸರ್, ಇಲ್ಲಿ ಯಾವ ಗಿಡ ನೆಟ್ಟರೆ ಮಣ್ಣು ನಿಲ್ಲತ್ತೆ?” ಕೆಲವರು ಲಾವಂಚ ಸಾಕಾ ಅಂತಾರೆ, ಕೆಲವರು ಸಿಲ್ವರ್ ಓಕ್ ಅಂತಾರೆ, ಇನ್ನು ಕೆಲವರು ಬಿದಿರು ಅಂತಾರೆ. ಎಲ್ಲರೂ ಕೇಳೋದು ಒಂದು ಗಿಡದ ಹೆಸರು. ಆದರೆ ಜಾರಿದ ಗುಡ್ಡಕ್ಕೆ ಒಂದು ಹೆಸರಿನ ಉತ್ತರ ಇಲ್ಲ. ಯಾಕೆ ಇಲ್ಲ, ಹಾಗಾದ್ರೆ ಏನು ಮಾಡಬೇಕು ಅನ್ನೋದೇ ಈ ವಾರದ ವಿಷಯ.

2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಆದದ್ದು ನಮಗೆಲ್ಲ ನೆನಪಿದೆ. ಮಕ್ಕಂದೂರು, ಹಟ್ಟಿಹೊಳೆ, ಮುಕ್ಕೋಡ್ಲು, ಜೋಡುಪಾಲ ಸುತ್ತಮುತ್ತ ಗುಡ್ಡಗಳು ಕಾಫಿ, ಮೆಣಸು, ಮನೆ ಎಲ್ಲವನ್ನೂ ಹೊತ್ತು ಕೆಳಗಿಳಿದವು. 2019ರಲ್ಲಿ ವಿರಾಜಪೇಟೆ ತಾಲ್ಲೂಕಿನ ತೋರ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ. 2024ರ ಜುಲೈನಲ್ಲಿ ಅಂಕೋಲಾದ ಶಿರೂರು, ಅದೇ ತಿಂಗಳು 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲ. ಸುದ್ದಿ ಒಂದು ವಾರ ಇರತ್ತೆ. ಜಾರಿದ ಜಮೀನು ಮಾತ್ರ ರೈತನ ಹತ್ತಿರವೇ ಉಳಿಯತ್ತೆ, ಪಹಣಿಯಲ್ಲಿ ಅವನ ಹೆಸರಲ್ಲೇ ಇರತ್ತೆ. ಅದನ್ನ ಹೇಗೆ ನೋಡಿಕೊಳ್ತೀವಿ ಅನ್ನೋದರ ಮೇಲೆ ಎರಡು ವಿಷಯ ನಿಂತಿವೆ: ಆ ನೆಲ ಮತ್ತೆ ಬೆಳೆ ಕೊಡತ್ತಾ, ಮತ್ತು ಅದರ ಕೆಳಗಿರೋ ಮನೆ, ಗದ್ದೆಗಳಿಗೆ ಮುಂದಿನ ಮಳೆಯಲ್ಲಿ ಮಣ್ಣು ಇಳಿದು ಬರತ್ತಾ.

ಜಾರಿದ ಮೇಲೆ ಉಳಿಯೋದು ಏನು?

ಮೊದಲು ಒಂದು ಮಾತು. ಜಾರಿದ ಜಾಗದಲ್ಲಿ ಕಾಣೋ ಕೆಂಪು ಮಣ್ಣನ್ನ ನಮ್ಮ ಹಳೇ ತೋಟದ ಮಣ್ಣು ಅಂದ್ಕೋಬೇಡಿ. ಕಪ್ಪಗಿದ್ದ ಮೇಲ್ಮಣ್ಣು, ಅದರಲ್ಲಿದ್ದ ಎಲೆಗೊಬ್ಬರ, ಎರೆಹುಳು, ಬೇರು, ಬೀಜ ಎಲ್ಲ ಕೆಳಗೆ ಹೋಗಿರತ್ತೆ. ಉಳಿದಿರೋದು ಒಳಮಣ್ಣು. ಅದರಲ್ಲಿ ಸಾವಯವ ಅಂಶ ತೀರ ಕಡಿಮೆ, ಸಾರಜನಕ ಇಲ್ಲ ಅನ್ನೋಷ್ಟು ಕಡಿಮೆ. ರಂಜಕ ಇದ್ದರೂ ನಮ್ಮ ಕೆಂಪು ಮಣ್ಣಿನ ಕಬ್ಬಿಣ, ಅಲ್ಯೂಮಿನಿಯಂ ಅದನ್ನ ಬಿಗಿಯಾಗಿ ಹಿಡಿದಿಟ್ಟುಕೊಂಡಿರತ್ತೆ, ಗಿಡಕ್ಕೆ ಸುಲಭವಾಗಿ ಸಿಗಲ್ಲ. ಹುಳಿಯಂಶ ಬೇರೆ ಜಾಸ್ತಿ.

ಇನ್ನೊಂದು ವಿಷಯ: ಜಾರಿದ ಜಾಗ ಎಲ್ಲ ಕಡೆ ಒಂದೇ ಥರ ಇರಲ್ಲ. ಮೂರು ಭಾಗ ಮಾಡಿ ನೋಡಿ.

ತಲೆಭಾಗ: ಮಣ್ಣು ಕಿತ್ತು ಹೋದ ಜಾಗ. ಅತಿ ಕಡಿದು, ಅತಿ ಬಡವು. ಇಲ್ಲಿ ಹಸಿರು ಬರೋದು ಎಲ್ಲಕ್ಕಿಂತ ನಿಧಾನ.

ನಡುಭಾಗ: ಮಣ್ಣು ನೀರು ಹರಿದು ಹೋದ ದಾರಿ. ಪ್ರತಿ ಮಳೆಗೂ ಇಲ್ಲಿ ಕೊರೆತ ಮುಂದುವರಿಯತ್ತೆ.

ಬುಡಭಾಗ: ಎಲ್ಲ ಬಂದು ಗುಡ್ಡೆ ಬಿದ್ದ ಜಾಗ. ಇಲ್ಲಿ ಮೇಲ್ಮಣ್ಣು, ಮರದ ತುಂಡು, ಬೇರು ಎಲ್ಲ ಕಲೆತಿರತ್ತೆ. ಹಾಗಾಗಿ ಗಿಡ ಬೇಗ ಬರತ್ತೆ. ಆದರೆ ಸಡಿಲ ಮಣ್ಣು, ಕಾಲಿಟ್ಟರೆ ಕುಸಿಯೋ ಹಾಗಿರತ್ತೆ.

ಕೆಲವು ಕಡೆ ಜಾರಿದ ಜಾಗದ ಅಂಚಿನಲ್ಲಿ, ಕೆಲವು ಸಲ ನಡುವೆಯೂ ಹಳೇ ಮಣ್ಣಿನ ತುಂಡುಗಳು ಗಿಡದ ಸಮೇತ ಉಳಿದುಕೊಂಡಿರುತ್ತವೆ. ಅವು ನಿಮ್ಮ ಬಂಡವಾಳ. ಅಲ್ಲಿಂದಲೇ ಬೀಜ, ಹುಳು, ಶಿಲೀಂಧ್ರ ಎಲ್ಲ ಹರಡೋದು. ಜಾಗ ಸಮ ಮಾಡ್ತೀವಿ ಅಂತ ಅವನ್ನ ಕೆರೆದು ಹಾಕಬೇಡಿ.

ಹತ್ತು ಜಾತಿ ಗಿಡ ಇದ್ದರೆ ಮಣ್ಣಿಗೇನು ಲಾಭ?

ಮಣ್ಣಿನ ಆರೋಗ್ಯ ಅಂದ್ರೆ ಬರೀ ಎನ್‌ಪಿಕೆ ಅಲ್ಲ. ಮಣ್ಣಿನ ಕಣಗಳು ಒಂದಕ್ಕೊಂದು ಅಂಟಿಕೊಂಡು ಸಣ್ಣ ಸಣ್ಣ ಉಂಡೆ ಆಗಬೇಕು. ಉಂಡೆಗಳ ನಡುವೆ ಸಂದು ಇದ್ದರೆ ನೀರು, ಗಾಳಿ ಓಡಾಡತ್ತೆ. ಆ ಉಂಡೆಗಳು ಮಳೆ ಹೊಡೆತಕ್ಕೆ ಕರಗದೆ ನಿಂತರೆ ಮಣ್ಣು ಕೊಚ್ಚಿ ಹೋಗಲ್ಲ. ಈ ಉಂಡೆ ಕಟ್ಟೋ ಕೆಲಸ ಮಾಡೋದು ಸಣ್ಣ ಬೇರು, ಶಿಲೀಂಧ್ರದ ಎಳೆ, ಸೂಕ್ಷ್ಮಜೀವಿ ಬಿಡೋ ಅಂಟು, ಎರೆಹುಳು. ಇವಕ್ಕೆಲ್ಲ ಊಟ ಬರೋದು ಗಿಡದಿಂದ.

ಈಗ ಯೋಚನೆ ಮಾಡಿ. ಒಂದೇ ಜಾತಿ ಗಿಡ ಇದ್ದರೆ ಬೇರು ಹೆಚ್ಚುಕಡಿಮೆ ಒಂದೇ ಆಳದಲ್ಲಿ, ಎಲೆ ಒಂದೇ ಬಗೆ, ಎಲೆ ಉದುರೋದು ಒಂದೇ ಕಾಲಕ್ಕೆ. ದಿನಾ ಒಂದೇ ಅಡುಗೆ ಮಾಡೋ ಮನೆ ಥರ. ಬೇರೆ ಬೇರೆ ಜಾತಿ ಇದ್ದಾಗ ಕೆಲಸ ಹಂಚಿಕೆ ಆಗತ್ತೆ.

ಹುಲ್ಲು ಮೇಲಿನ ಒಂದು ಅಡಿ ಮಣ್ಣನ್ನ ಬಲೆ ಥರ ಹೆಣೆಯತ್ತೆ. ಬೇರು ಸಣ್ಣ ಇದ್ದಷ್ಟೂ ಅದರ ದಪ್ಪಕ್ಕೆ ಹೋಲಿಸಿದರೆ ಎಳೆತ ತಡೆಯೋ ಶಕ್ತಿ ಜಾಸ್ತಿ. ಹಾಗಾಗಿ ಹುಲ್ಲಿನ ಸಾವಿರ ಎಳೆಯನ್ನ ಕಡೆಗಣಿಸಬೇಡಿ.

ದ್ವಿದಳ ಗಿಡಗಳು ಬೇರುಗಂಟಿನ ಮೂಲಕ ಗಾಳಿಯ ಸಾರಜನಕ ತಂದು ಕೊಡುತ್ತವೆ. ಬಡ ಒಳಮಣ್ಣಿಗೆ ಮೊದಲು ಬೇಕಾದದ್ದೇ ಇದು.

ಮರಗಳು ಆಳಕ್ಕೆ ಇಳಿದು ಮೇಲಿನ ಪದರವನ್ನ ಕೆಳಗಿನ ಗಟ್ಟಿ ಪದರಕ್ಕೆ ಹೊಲಿಗೆ ಹಾಕಿದ ಹಾಗೆ ಹಿಡಿಯುತ್ತವೆ. ಮಳೆ ನಡುವಿನ ಬಿಸಿಲಿನ ದಿನಗಳಲ್ಲಿ ನೀರು ಹೀರಿ ಗಾಳಿಗೆ ಬಿಡುತ್ತವೆ.

ಎಲೆಗಳಲ್ಲೂ ವ್ಯತ್ಯಾಸ ಇದೆ. ಹಾಲವಾಣ, ಗ್ಲಿರಿಸಿಡಿಯಾ ಎಲೆ ಬೇಗ ಕೊಳೆತು ಗೊಬ್ಬರ ಆಗತ್ತೆ. ಸಿಲ್ವರ್ ಓಕ್ ಎಲೆ ನಿಧಾನ, ಆದರೆ ಹೊದಿಕೆಯಾಗಿ ಹೆಚ್ಚು ದಿನ ಉಳಿಯತ್ತೆ. ಎರಡೂ ಸೇರಿದರೆ ಮಣ್ಣಿಗೆ ಊಟವೂ ಸಿಕ್ತು, ಹೊದಿಕೆಯೂ ಸಿಕ್ತು.

ಇದು ಬರೀ ನಂಬಿಕೆ ಮಾತಲ್ಲ. ಜರ್ಮನಿಯ ಯೇನಾ ಊರಿನಲ್ಲಿ 2002ರಿಂದ ಒಂದು ದೊಡ್ಡ ಪ್ರಯೋಗ ನಡೀತಿದೆ. ಕೆಲವು ಮಡಿಗಳಲ್ಲಿ ಒಂದೇ ಜಾತಿ, ಇನ್ನು ಕೆಲವದರಲ್ಲಿ 2, 4, 8, 16, ಕೊನೆಗೆ 60 ಜಾತಿ ಸಸ್ಯ. ಜಾತಿ ಹೆಚ್ಚಿದ್ದ ಮಡಿಗಳಲ್ಲಿ ಸೂಕ್ಷ್ಮಜೀವಿಗಳ ಚಟುವಟಿಕೆ, ಮಣ್ಣಿನ ಇಂಗಾಲ, ಉಂಡೆಗಳ ಗಟ್ಟಿತನ ಎಲ್ಲ ಹೆಚ್ಚಾಗಿ ಕಂಡಿತು. ಅಲ್ಲಿಂದ ನಾವು ಕಲೀಬೇಕಾದ ಇನ್ನೊಂದು ಪಾಠ: ಮಣ್ಣೊಳಗಿನ ಜೀವಿಗಳಲ್ಲಿ ಈ ವ್ಯತ್ಯಾಸ ಶುರುವಿಗೇ ಕಾಣಲಿಲ್ಲ, ಕೆಲವು ವರ್ಷ ಕಳೆದ ಮೇಲೆ ಕಾಣಿಸಿಕೊಂಡಿತು. ಅದು ಬಯಲು ಹುಲ್ಲುಗಾವಲು, ನಮ್ಮ ಗುಡ್ಡ ಅಲ್ಲ ಅಂತ ನೀವು ಕೇಳಬಹುದು. ಸ್ವಿಸ್ ಆಲ್ಪ್ಸ್‌ನಲ್ಲಿ ಸ್ಕೀ ಆಟಕ್ಕಾಗಿ ಯಂತ್ರದಿಂದ ಕೆರೆದು ಹಾಳಾದ ಇಳಿಜಾರುಗಳಲ್ಲಿ ಮಾಡಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಅಲ್ಲೂ ಹೆಚ್ಚು ಜಾತಿ ಸಸ್ಯ ಇದ್ದ ಕಡೆ ಮಣ್ಣಿನ ಉಂಡೆಗಳು ಹೆಚ್ಚು ಗಟ್ಟಿ ಇದ್ದವು.

ಆದರೆ ಬೇರಿಗೂ ಒಂದು ಮಿತಿ ಇದೆ

ಇದನ್ನ ಬಿಡಿಸಿ ಹೇಳಲೇಬೇಕು, ಯಾಕಂದ್ರೆ ಜೀವದ ಪ್ರಶ್ನೆ. ಗಿಡದ ಬೇರು ಹಿಡಿಯೋದು ಮೇಲಿನ ಒಂದೆರಡು ಮೀಟರ್ ಮಣ್ಣನ್ನ. ಮೇಲ್ಮಟ್ಟದ ಕುಸಿತ, ಕೊರಕಲು, ಮಣ್ಣು ಕೊಚ್ಚಿ ಹೋಗೋದು ಇವನ್ನ ಒಳ್ಳೇ ಮಿಶ್ರ ಹಸಿರು ತುಂಬಾ ಕಡಿಮೆ ಮಾಡತ್ತೆ. ಆದರೆ ಐದು, ಹತ್ತು ಮೀಟರ್ ಆಳದಲ್ಲಿ ಜಾರೋ ಗುಡ್ಡವನ್ನ ಯಾವ ಬೇರೂ ಹಿಡಿಯಲ್ಲ. ದಟ್ಟ ಕಾಡಿದ್ದ ಗುಡ್ಡಗಳೂ ಜಾರಿದ ಉದಾಹರಣೆ ಇದೆ.

ಹಾಗಾಗಿ ನೆಲದಲ್ಲಿ ಅರ್ಧಚಂದ್ರದ ಆಕಾರದ ಬಿರುಕು, ಒಂದೇ ಕಡೆಗೆ ವಾಲಿದ ಮರ ಅಥವಾ ಕಂಬ, ಇದ್ದಕ್ಕಿದ್ದ ಹಾಗೆ ಹುಟ್ಟಿದ ಕೆಸರು ನೀರಿನ ಒರತೆ, ಮುಚ್ಚೋಕೆ ಬಾರದ ಬಾಗಿಲು ಇಂಥದ್ದು ಕಂಡರೆ ಗಿಡ ನೆಡೋ ಯೋಚನೆ ಬಿಡಿ. ಮೊದಲು ಮನೆಯವರನ್ನ ಕರ್ಕೊಂಡು ಹೊರಡಿ, ಜಿಲ್ಲಾ ನಿಯಂತ್ರಣ ಕೊಠಡಿಯ 1077ಕ್ಕೆ ಫೋನ್ ಮಾಡಿ. ಅಂಥ ಜಾಗಕ್ಕೆ ಭೂವಿಜ್ಞಾನ ತಿಳಿದವರು ಬಂದು ನೋಡಿ ಹೇಳಬೇಕು.

“ಮಣ್ಣು ಹದ ಆದ್ರೆ ನೀರು ಜಾಸ್ತಿ ಇಂಗತ್ತೆ, ಆಗ ಗುಡ್ಡ ಇನ್ನೂ ಜಾರಲ್ವಾ?” ಅಂತ ಒಬ್ಬ ಹುಡುಗ ಕೇಳಿದ್ದ. ಒಳ್ಳೇ ಪ್ರಶ್ನೆ. ಹದವಾದ ಮಣ್ಣಿನಲ್ಲಿ ನೀರು ಹರಡಿಕೊಂಡು ಇಳಿಯತ್ತೆ, ಬದಿಗೂ ಬಸಿದು ಹೋಗತ್ತೆ, ಗಿಡ ಹೀರಿಕೊಳ್ಳತ್ತೆ. ಅಪಾಯ ಇರೋದು ಒಂದೇ ಜಾಗದಲ್ಲಿ ನೀರು ನಿಂತಾಗ. ಆದ್ದರಿಂದ ಜಾರಿದ ಅಥವಾ ಬಿರುಕು ಬಿಟ್ಟ ಇಳಿಜಾರಿನಲ್ಲಿ ಇಂಗುಗುಂಡಿ, ತೊಟ್ಟಿಲು ಗುಂಡಿ, ಕೆರೆ ಯಾವುದೂ ಬೇಡ. ಬಯಲಿಗೆ ಒಳ್ಳೇದಾದದ್ದು ಕಡಿದಾದ ಗುಡ್ಡಕ್ಕೆ ಕೆಟ್ಟದ್ದಾಗಬಹುದು. ವಾರಗಟ್ಟಲೆ ಬಿಡದೆ ಮಳೆ ಬಿದ್ದಾಗ ಗಿಡ ಹೀರೋ ನೀರು ಲೆಕ್ಕಕ್ಕೇ ಇಲ್ಲ. ಆಗ ಕಾಪಾಡೋದು ಚರಂಡಿ. ಜಾರಿದ ಜಾಗದ ತಲೆಯ ಮೇಲ್ಗಡೆ, ಗಟ್ಟಿ ನೆಲದಲ್ಲಿ, ಮೇಲಿಂದ ಬರೋ ನೀರನ್ನ ಬದಿಗೆ ತಿರುಗಿಸೋ ಹುಲ್ಲು ಹಾಸಿದ ಚರಂಡಿ ಮೊದಲು ಆಗಬೇಕು. ಆ ನೀರು ಪಕ್ಕದವರ ತೋಟಕ್ಕೆ ನುಗ್ಗದೆ ಹಳ್ಳಕ್ಕೆ ಸೇರೋ ಹಾಗೆ ನೋಡ್ಕೊಳ್ಳಿ.

ಹಂತ ಹಂತವಾಗಿ ಏನು ನೆಡೋದು?

ಪ್ರಕೃತಿ ಮಾಡೋ ಕ್ರಮವನ್ನೇ ನಾವು ಸ್ವಲ್ಪ ಬೇಗ ಮಾಡಿಸಬೇಕು, ಅಷ್ಟೇ.

ಮೊದಲ ಮಳೆಗಾಲ: ಹಿಡಿದು ನಿಲ್ಲಿಸೋದು. ಸಮಪಾತಳಿ ಗೆರೆ ಗುರುತು ಮಾಡಿ. ಮೂರು ಗಳು, ಒಂದು ದಾರ, ಒಂದು ಕಲ್ಲು ಇದ್ದರೆ ‘ಎ’ ಚೌಕಟ್ಟು ಮಾಡಬಹುದು. ಗೆರೆ ಮೇಲೆ ಲಾವಂಚದ ಬುಡ ಸೀಳಿ, 10ರಿಂದ 15 ಸೆಂಟಿಮೀಟರ್‌ಗೆ ಒಂದರಂತೆ ಒತ್ತಾಗಿ ನೆಡಿ. ಒಂದು ಸಾಲಿಂದ ಇನ್ನೊಂದು ಸಾಲಿಗೆ ಎತ್ತರದಲ್ಲಿ ಒಂದರಿಂದ ಎರಡು ಮೀಟರ್ ಅಂತರ ಸಾಕು. ನಮ್ಮ ದಕ್ಷಿಣ ಭಾರತದ ಲಾವಂಚ ಬೀಜದಿಂದ ಹರಡಿ ಕಳೆ ಆಗಲ್ಲ. ಒಳ್ಳೇ ಮಣ್ಣಿನಲ್ಲಿ ಬೇರು ಎರಡು ಮೂರು ಮೀಟರ್ ಇಳಿಯತ್ತೆ. ನೆರಳು ಬಂದ ಮೇಲೆ ತಾನೇ ಸೊರಗಿ ಮರಗಳಿಗೆ ಜಾಗ ಬಿಡತ್ತೆ. ಸಾಲುಗಳ ನಡುವೆ ಹುರುಳಿ, ಅಲಸಂದೆ, ಸೆಣಬು ಮೂರನ್ನೂ ಕಲಸಿ ಎರಚಿ, ಜೊತೆಗೆ ನಿಮ್ಮದೇ ಬದುವಿನ ಊರ ಹುಲ್ಲಿನ ಬೀಜ. ನೀರು ಹರಿಯೋ ನಡುಭಾಗದಲ್ಲಿ ಕಡಿದ ಕೊಂಬೆಗಳನ್ನ ಅಡ್ಡಡ್ಡ ಕಟ್ಟಿ, ಗೂಟ ಹೊಡೆದು ಮಣ್ಣು ತಡೀರಿ. ಗೂಟಗಳು ಗ್ಲಿರಿಸಿಡಿಯಾ ಅಥವಾ ಹಾಲವಾಣದ್ದಾದರೆ ಅವೇ ಚಿಗುರಿ ಗಿಡ ಆಗುತ್ತವೆ.

ಎರಡನೇ, ಮೂರನೇ ವರ್ಷ: ಮಣ್ಣಿಗೆ ಉಣಿಸೋದು. ಗ್ಲಿರಿಸಿಡಿಯಾ, ಹಾಲವಾಣ ಬೆಳೆದ ಮೇಲೆ ವರ್ಷಕ್ಕೆ ಎರಡು ಮೂರು ಸಲ ಸವರಿ, ಸೊಪ್ಪು ಅಲ್ಲೇ ಹಾಕಿ. ದ್ವಿದಳ ಗಿಡ ಕೀಳಬೇಡಿ, ಬುಡಕ್ಕೆ ಕೊಯ್ದು ಬೇರು ಮಣ್ಣಲ್ಲೇ ಬಿಡಿ. ಉಪ್ಪಳಿಗೆಯಂಥ ಬೇಗ ಬೆಳೆಯೋ ಕಾಡುಮರ ತಾನಾಗಿ ಹುಟ್ಟಿದರೆ ಕಡೀಬೇಡಿ. ಅದು ಕೊಡೋ ನೆರಳಲ್ಲೇ ಮುಂದಿನ ಮರಗಳು ಬರೋದು.

ಮೂರನೇ ವರ್ಷದಿಂದ: ಉಳಿಯೋ ಮರಗಳು. ಅತ್ತಿ, ಬಸರಿ, ಹಲಸು, ನೇರಳೆ, ಹೊನ್ನೆ, ಬೀಟೆ, ನಂದಿ, ಮತ್ತಿ, ಹೆಬ್ಬಲಸು. ಇವುಗಳಲ್ಲಿ ಹೊನ್ನೆ, ಬೀಟೆ ಎರಡೂ ದ್ವಿದಳ ಕುಟುಂಬದವೇ. ಅತ್ತಿ, ಬಸರಿ ಹಣ್ಣಿಗೆ ಹಕ್ಕಿ, ಬಾವಲಿ ಬರುತ್ತವೆ, ಬರುವಾಗ ಬೇರೆ ಬೀಜ ತರುತ್ತವೆ. ಬಿದಿರು, ವಾಟೆ ಬುಡಭಾಗಕ್ಕೆ, ಹಳ್ಳದ ಅಂಚಿಗೆ ಸರಿ. ತಲೆಭಾಗದ ಕಡಿದಾದ ಅಂಚಿಗೆ ಬೇಡ, ಅದರ ಬೇರು ಹೆಚ್ಚಾಗಿ ಮೇಲ್ಪದರದಲ್ಲೇ ಇರತ್ತೆ, ಮೆಳೆಯ ಭಾರ ಜಾಸ್ತಿ.

ಸಸಿ ನೆಡೋ ಗುಂಡಿಗೆ ಒಂದು ಬೊಗಸೆ ಜೀವ ಇರೋ ಮಣ್ಣು ಹಾಕಿ. ನಿಮ್ಮದೇ ತೋಟದ ಹಳೇ ಮರದ ಬುಡದ್ದು. ಅದರ ಜೊತೆ ಶಿಲೀಂಧ್ರ ಬರತ್ತೆ. ನಾವು ಅಂಗಡಿಯಲ್ಲಿ ‘ವ್ಯಾಮ್’ ಅಂತ ಕೊಳ್ತೀವಲ್ಲ, ಆ ಬಗೆಯದ್ದೇ. ಬೇರಿಗೆ ಸಿಗದ ರಂಜಕವನ್ನ ತನ್ನ ಎಳೆ ಮೂಲಕ ತಂದು ಕೊಡತ್ತೆ. ಆದರೆ ಬೇರು ಕೊಳೆ ರೋಗ ಬಂದ ಕಾಫಿ ಪಟ್ಟಿಯಿಂದ, ಸೊರಗು ರೋಗದ ಮೆಣಸಿನ ಬುಡದಿಂದ ಮಣ್ಣು ತರಬೇಡಿ. ರೋಗವನ್ನೇ ಹೊತ್ತು ತಂದ ಹಾಗಾಗತ್ತೆ.

ಸಸಿಗೆ ಬೀಜ ಎಲ್ಲಿಂದ? ಕೊಡಗಿನಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ. ಊರವರನ್ನ ಕೇಳಿಕೊಂಡು, ಅಲ್ಲಿನ ಪದ್ಧತಿಗೆ ಅಡ್ಡಿ ಬಾರದ ಹಾಗೆ, ಸುತ್ತಲಿನ ದಾರಿಯಲ್ಲಿ ಉದುರಿದ ಬೀಜ ಆರಿಸಿಕೊಳ್ಳಬಹುದು. ಒಳಗಿನ ಮಣ್ಣು, ಸಸಿ ಕೀಳೋದು ಮಾತ್ರ ಬೇಡ. ಅರಣ್ಯ ಇಲಾಖೆಯ ನರ್ಸರಿಯಲ್ಲೂ ಕೇಳಿ ನೋಡಿ.

ಹಕ್ಕಿಗೆ ಕೂರೋಕೆ ಒಂದು ಕೋಲು

ಪೋರ್ಟೊರಿಕೊ ಅನ್ನೋ ದ್ವೀಪದಲ್ಲಿ ನಮ್ಮ ಹಾಗೇ ಜೋರು ಮಳೆ, ಆಗಾಗ ಗುಡ್ಡ ಜಾರೋದು. ಅಲ್ಲಿ ಜಾರಿದ ಜಾಗಗಳಲ್ಲಿ ಹಕ್ಕಿ ಕೂರೋಕೆ ಕೋಲು ನೆಟ್ಟು ನೋಡಿದರು. 2003ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಕೋಲಿನ ಕೆಳಗೆ ಕಾಡುಮರದ ಬೀಜ ಹೆಚ್ಚಾಗಿ ಬಿದ್ದದ್ದು ನಿಜ. ಆದರೆ ಬಿದ್ದ ಬೀಜ ಗಿಡ ಆಗಿ ನಿಲ್ಲೋದು ಹೆಚ್ಚಲಿಲ್ಲ. ಅರ್ಥ ಏನು? ಬೀಜ ಬಂದರೆ ಸಾಲದು, ಅದು ಬೇರು ಬಿಡೋಕೆ ಹದವಾದ ಮಣ್ಣೂ ಬೇಕು. ಆದ್ದರಿಂದ ಕೋಲು ನೆಡಿ, ಖರ್ಚಿಲ್ಲ. ಕೋಲಿನ ಬುಡಕ್ಕೆ ಸೊಪ್ಪಿನ ಹೊದಿಕೆ, ಒಂದು ಬುಟ್ಟಿ ಗೊಬ್ಬರ ಕೂಡ ಹಾಕಿ.

ಅದೇ ದ್ವೀಪದಿಂದ ಇನ್ನೊಂದು ಪಾಠ: ಜಾರಿದ ಜಾಗಕ್ಕೆ ಮೊದಲು ಬರೋದು ಹಬ್ಬಿ ಬೆಳೆಯೋ ಜರಿಗಿಡ. ನಮ್ಮ ಘಟ್ಟದ ರಸ್ತೆ ಪಕ್ಕದ ಕಡಿದ ಮಣ್ಣಿನಲ್ಲೂ ಇಂಥದ್ದೇ ಜರಿಗಿಡ ನೋಡಿರ್ತೀರಿ. ಅದು ಮಣ್ಣನ್ನ ಚೆನ್ನಾಗಿ ಮುಚ್ಚಿ ಕಾಪಾಡತ್ತೆ. ಆದರೆ ದಟ್ಟವಾದರೆ ಕೆಳಗೆ ಬೆಳಕು ಹೋಗಲ್ಲ, ಮರದ ಸಸಿ ಮೇಲೇಳಲ್ಲ. ಹಾಗಂತ ಪೂರ್ತಿ ಕಿತ್ತರೆ ಮಣ್ಣು ಬರಿದಾಗತ್ತೆ. ಅಲ್ಲಲ್ಲಿ ಒಂದು ಮೀಟರ್ ಅಗಲದ ಕಿಂಡಿ ಮಾಡಿ ಸಸಿ ನೆಡಿ, ಉಳಿದದ್ದು ಹಾಗೇ ಇರಲಿ.

ಇದನ್ನ ಮಾತ್ರ ಮಾಡಬೇಡಿ

ಜೆಸಿಬಿ ತಂದು ಹಂತ ಹಂತ ಕಡಿಯೋದು. ಭೂವೈಜ್ಞಾನಿಕ ಸರ್ವೇಕ್ಷಣೆಯವರು 2018ರ ನಂತರ ಕೊಡಗಿನಲ್ಲಿ ನೋಡಿದಾಗ, ರಸ್ತೆಗೆ, ಮನೆಗೆ ಗುಡ್ಡ ಕಡಿದದ್ದೂ ಕುಸಿತಕ್ಕೆ ಮುಖ್ಯ ಕಾರಣ ಅಂತ ಹೇಳಿದ್ದರು. ಒಮ್ಮೆ ಜಾರಿದ ಗುಡ್ಡದ ಬುಡ ಕಡಿದರೆ ಮೇಲಿನದಕ್ಕೆ ಆಸರೆ ತೆಗೆದ ಹಾಗೆ.

ಕಳೆನಾಶಕ ಹೊಡೆಯೋದು. ಕಡಿದಾದ ಇಳಿಜಾರಿನಲ್ಲಿ ಸತ್ತ ಹುಲ್ಲು ಅಂದ್ರೆ ಬರಿದಾದ ಮಣ್ಣು. ಕತ್ತಿಯಲ್ಲಿ ಸವರಿ, ಮೂರು ಇಂಚು ಬಿಡಿ.

ಶುಂಠಿ ಹಾಕೋದು. ರೇಟು ಚೆನ್ನಾಗಿದೆ ಅಂತ ಆಸೆ ಆಗತ್ತೆ, ನಂಗೂ ಅರ್ಥ ಆಗತ್ತೆ. ಆದರೆ ಅಗೆದು ಏರಿ ಮಾಡಿ, ಮತ್ತೆ ಅಗೆದು ಕೀಳೋ ಬೆಳೆ ಜಾರಿದ ಮಣ್ಣಿಗೆ ಆಗಲ್ಲ.

ಒಂದೇ ಸಲ ಎಲ್ಲ ಹಳೇ ಮರ ಕಡಿಯೋದು. ಕಡಿದ ಮರದ ಬೇರು ತಕ್ಷಣ ಹೋಗಲ್ಲ, ಕೆಲವು ವರ್ಷದಲ್ಲಿ ಕೊಳೆಯತ್ತೆ. ಗುಡ್ಡ ಸಡಿಲ ಆಗೋದು ಆಗ. ಅಂಚಿನಲ್ಲಿ ಭಾರ ಜಾಸ್ತಿ ಇರೋ ಮರ ಇದ್ದರೆ ಕೊಂಬೆ ಸವರಿ ಹಗುರ ಮಾಡಿ, ಬುಡ ಇರಲಿ.

ಲಂಟಾನ, ಮಿಕಾನಿಯಾ, ಕಮ್ಯುನಿಸ್ಟ್ ಗಿಡ ಬೆಳೆದದ್ದನ್ನ “ಹಸಿರು ಬಂತಲ್ಲ” ಅಂತ ಬಿಡೋದು. ಲೆಕ್ಕಕ್ಕೆ ಹಸಿರೇ, ಆದರೆ ಬೇರೆ ಜಾತಿಗೆ ಜಾಗ ಕೊಡಲ್ಲ. ಒಟ್ಟಿಗೆ ಕೀಳದೆ, ಸ್ವಲ್ಪ ಸ್ವಲ್ಪವೇ ತೆಗೆದು ಆ ಜಾಗಕ್ಕೆ ತಕ್ಷಣ ಬೇರೆ ಗಿಡ ಕೊಡಿ.

ಇನ್ನು ಸಿಲ್ವರ್ ಓಕ್ ಬಗ್ಗೆ. ಅದನ್ನ ಬೈಯೋದು ಸುಲಭ. ಆದರೆ ಬೆಳೆಗಾರ ಅದನ್ನ ಆರಿಸಿಕೊಂಡದ್ದಕ್ಕೆ ಕಾರಣ ಇದೆ: ಬೇಗ ಬೆಳೆಯತ್ತೆ, ಮೆಣಸು ಹಬ್ಬಿಸೋಕೆ ನೇರ ಕಾಂಡ, ಕಡಿಯೋಕೆ ಕಾಡುಮರದಷ್ಟು ಕಾನೂನಿನ ತೊಡಕಿಲ್ಲ. ಸಿಲ್ವರ್ ಓಕ್ ಇದ್ದುದಕ್ಕೇ ಗುಡ್ಡ ಜಾರಿತು ಅಂತ ನಾನು ಹೇಳಲ್ಲ. ಆದರೆ ಅದು ಆಸ್ಟ್ರೇಲಿಯಾದಿಂದ ಬಂದ ಮರ, ಅದರ ಕುಟುಂಬದ ಮರಗಳು ಸಾಮಾನ್ಯವಾಗಿ ವ್ಯಾಮ್ ಬಗೆಯ ಶಿಲೀಂಧ್ರದ ಜೊತೆ ಸ್ನೇಹ ಮಾಡಲ್ಲ. ಅದೊಂದೇ ಇದ್ದ ತೋಟದಲ್ಲಿ ಆ ಶಿಲೀಂಧ್ರಕ್ಕೆ ಮರಗಳಿಂದ ಸಿಗೋ ಆಸರೆ ಕಡಿಮೆ. ಹತ್ತು ನೆರಳು ಮರದಲ್ಲಿ ಮೂರು ನಾಲ್ಕು ಸಿಲ್ವರ್ ಓಕ್ ಇರಲಿ, ಉಳಿದದ್ದು ಊರ ಮರ ಆಗಲಿ ಅನ್ನೋದು ನನ್ನ ಸಲಹೆ.

ದುಡ್ಡಿನ ಮಾತು

“ಐದು ವರ್ಷ ಕಾದ್ರೆ ಮನೆ ನಡೆಯೋದು ಹೇಗೆ?” ಸರಿಯಾದ ಪ್ರಶ್ನೆ. ಇಡೀ ಜಾಗವನ್ನ ಒಂದೇ ಥರ ನೋಡಬೇಡಿ. ಬುಡಭಾಗದಲ್ಲಿ ಇಳಿಜಾರು ಕಡಿಮೆ ಇದ್ದು, ಮೇಲಿನ ಅಪಾಯ ಇಲ್ಲ ಅಂತ ಗೊತ್ತಾದ ಮೇಲೆ ಒಂದೆರಡು ವರ್ಷದಲ್ಲೇ ಮೇವಿನ ಹುಲ್ಲು, ಬಾಳೆ, ಆಮೇಲೆ ಕಾಫಿ, ಮೆಣಸು ಶುರು ಮಾಡಬಹುದು. ನಡುಭಾಗದ ಬದಿಗಳಲ್ಲಿ ಸಮಪಾತಳಿ ಸಾಲಿನಲ್ಲಿ ಅನಾನಸ್ ಹಾಕಬಹುದು. ತಲೆಭಾಗದಿಂದ ಆದಾಯ ನಿರೀಕ್ಷೆ ಮಾಡಬೇಡಿ, ಅದು ನಿಮ್ಮ ಕೆಳಗಿನ ತೋಟಕ್ಕೆ ಕಟ್ಟಿದ ವಿಮೆ ಅಂದ್ಕೊಳ್ಳಿ. ನಿಮ್ಮ ಫೋನಿನ ಲೆವೆಲ್ ಆ್ಯಪ್‌ನಲ್ಲಿ ಇಳಿಜಾರು ಅಳೀರಿ: ನೇರವಾದ ಒಂದು ಗಳುವನ್ನ ಇಳಿಜಾರಿನ ಮೇಲೆ ಮಲಗಿಸಿ ಅದರ ಮೇಲೆ ಫೋನ್ ಇಟ್ಟರೆ ಡಿಗ್ರಿ ತೋರಿಸತ್ತೆ. 30 ಡಿಗ್ರಿ ಮೀರಿದ ಕಡೆ ಅಗೆಯೋ ಬೆಳೆ ಬೇಡವೇ ಬೇಡ ಅನ್ನೋದು ನಾನು ಇಟ್ಟುಕೊಂಡಿರೋ ಲೆಕ್ಕ.

ಸುಣ್ಣ, ಗೊಬ್ಬರ ಅಂದಾಜಿಗೆ ಹಾಕಬೇಡಿ. ತಲೆ, ನಡು, ಬುಡ ಮೂರು ಕಡೆಯ ಮಣ್ಣನ್ನ ಬೇರೆ ಬೇರೆ ಚೀಲದಲ್ಲಿ ಹಾಕಿ ಪರೀಕ್ಷೆ ಮಾಡಿಸಿ. ಮೂರನ್ನೂ ಕಲಸಿದರೆ ಮೂರಕ್ಕೂ ತಪ್ಪು ಶಿಫಾರಸು ಸಿಗತ್ತೆ. ಕೊಡಗಿನವರಿಗೆ ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರ, ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರ, ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯ ಹತ್ತಿರದಲ್ಲಿವೆ. ಚಿಕ್ಕಮಗಳೂರು ಕಡೆಯವರಿಗೆ ಬಾಳೆಹೊನ್ನೂರಿನ ಕೇಂದ್ರ ಕಾಫಿ ಸಂಶೋಧನಾ ಸಂಸ್ಥೆ ಇದೆ.

ಮಣ್ಣು ಸುಧಾರಿಸ್ತಾ ಇದೆ ಅಂತ ಗೊತ್ತಾಗೋದು ಹೇಗೆ?

ನಾಲ್ಕು ಸುಲಭ ಪರೀಕ್ಷೆ. ವರ್ಷಕ್ಕೊಮ್ಮೆ, ಅದೇ ತಿಂಗಳಲ್ಲಿ ಮಾಡಿ. ಪಕ್ಕದ ಜಾರದ ತೋಟದಲ್ಲೂ ಮಾಡಿದರೆ ಹೋಲಿಸೋಕೆ ಸುಲಭ.

1. ಲೋಟದ ಪರೀಕ್ಷೆ. ಒಣಗಿದ ಮಣ್ಣಿನ ಗೋಲಿಯಷ್ಟು ಹೆಂಟೆಯನ್ನ ನೀರಿನ ಗಾಜಿನ ಲೋಟಕ್ಕೆ ನಿಧಾನಕ್ಕೆ ಬಿಡಿ. ಐದು ನಿಮಿಷದಲ್ಲಿ ಪುಡಿಯಾಗಿ ನೀರು ಕದಡಿದರೆ ಮಣ್ಣಿಗೆ ಅಂಟು ಇಲ್ಲ. ಹಾಗೇ ಉಳಿದರೆ ಜೀವ ಬರ್ತಿದೆ.

2. ಡಬ್ಬದ ಪರೀಕ್ಷೆ. ಆರು ಇಂಚು ಅಗಲದ, ತಳ ಇಲ್ಲದ ಡಬ್ಬ ಅಥವಾ ಪೈಪ್ ತುಂಡನ್ನ ಸ್ವಲ್ಪ ಸಮತಟ್ಟು ಇರೋ ಕಡೆ ಮಣ್ಣಿಗೆ ಒತ್ತಿ. 450 ಮಿಲಿಲೀಟರ್ ನೀರು ಹಾಕಿ. ಅದು ಹೆಚ್ಚುಕಡಿಮೆ ಒಂದು ಇಂಚು ಮಳೆಗೆ ಸಮ. ಎಷ್ಟು ನಿಮಿಷಕ್ಕೆ ಇಂಗತ್ತೆ ಅಂತ ಫೋನಿನ ಸ್ಟಾಪ್‌ವಾಚ್‌ನಲ್ಲಿ ನೋಡಿ ಬರೆದಿಡಿ.

3. ಗುದ್ದಲಿ ಪರೀಕ್ಷೆ. ಒಂದು ಅಡಿ ಉದ್ದ, ಅಗಲ, ಆಳ ಮಣ್ಣು ತೆಗೆದು ಎರೆಹುಳು ಎಣಿಸಿ. ಮಣ್ಣು ತೇವ ಇರೋ ಕಾಲದಲ್ಲಿ ಮಾಡಿ. ಅಲಸಂದೆ ಬೇರಿನ ಗಂಟು ಸೀಳಿ ನೋಡಿ, ಒಳಗೆ ಕೆಂಪು ಅಥವಾ ಗುಲಾಬಿ ಬಣ್ಣ ಇದ್ದರೆ ಸಾರಜನಕದ ಕೆಲಸ ನಡೀತಿದೆ.

4. ಫೋಟೊ. ಒಂದು ಗೂಟ ಹೊಡೆದು, ಪ್ರತಿ ಸಲ ಅದರ ಪಕ್ಕ ನಿಂತು ಅದೇ ದಿಕ್ಕಿಗೆ ಫೋಟೊ ತೆಗೀರಿ. ಜೊತೆಗೆ ಹತ್ತು ಹೆಜ್ಜೆ ಉದ್ದ, ಹತ್ತು ಹೆಜ್ಜೆ ಅಗಲದ ಜಾಗದಲ್ಲಿ ಎಷ್ಟು ಬಗೆ ಗಿಡ ಇವೆ ಎಣಿಸಿ. ಹೆಸರು ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ಎಲೆ ಬೇರೆ ಅಂದ್ರೆ ಗಿಡ ಬೇರೆ. ಹೆಸರನ್ನ ಅಜ್ಜಿ ಅಜ್ಜಂದಿರು ಹೇಳ್ತಾರೆ.

ಈ ವಾರ ಮಾಡೋ ಕೆಲಸ

ಮಳೆ ಹಿಡಿಯೋಕೆ ಮುಂಚೆ, ಬಿಸಿಲಿರೋ ದಿನ, ಒಬ್ಬರೇ ಹೋಗದೆ ಇಬ್ಬರು ಹೋಗಿ ಜಾರಿದ ಜಾಗದ ಸುತ್ತ ಒಂದು ಸಲ ನಡೀರಿ. ಬಿರುಕು ಇದೆಯಾ ನೋಡಿ. ಮೇಲಿಂದ ನೀರು ಎಲ್ಲಿ ಬಂದು ಸೇರತ್ತೆ ಗುರುತು ಮಾಡಿ. ಉಳಿದ ಹಳೇ ಮಣ್ಣಿನ ತುಂಡುಗಳಿಗೆ ಬಣ್ಣದ ಬಟ್ಟೆ ಕಟ್ಟಿ, ಯಾರೂ ಕೆರೆಯದ ಹಾಗೆ. ಆಮೇಲೆ ಲಾವಂಚದ ಬುಡ, ಗ್ಲಿರಿಸಿಡಿಯಾ ಗೂಟ, ಮೂರು ಬಗೆ ದ್ವಿದಳ ಬೀಜ ಎಲ್ಲಿ ಸಿಗತ್ತೆ ವಿಚಾರಿಸಿ ಇಟ್ಕೊಳ್ಳಿ. ಮೊದಲ ಹದ ಮಳೆಗೆ ಇವು ಕೈಯಲ್ಲಿರಬೇಕು, ಜೋರು ಮಳೆ ಶುರುವಾದ ಮೇಲೆ ಆ ಇಳಿಜಾರಿಗೆ ಕಾಲಿಡೋದೇ ಬೇಡ.

ಮೂರು ಭಾಗದ ಫೋಟೊ, ಇಳಿಜಾರಿನ ಡಿಗ್ರಿ, ಮಣ್ಣಿನ ವರದಿ ಕಳಿಸಿದರೆ ನಿಮ್ಮ ಜಾಗಕ್ಕೆ ಯಾವ ಯಾವ ಗಿಡ ಸೇರಿಸಬಹುದು ಅಂತ ಕೂತು ಮಾತಾಡೋಣ.